ಕಬಾರಿ

ಮೊದಲು ಕ್ಷಮೆ ಕೇಳಬೇಕು.
ತಪ್ಪು ಮಾಡಿದ್ದಕ್ಕಲ್ಲ, ಬಾಯಿ ತೆರೆದದ್ದಕ್ಕೆ.

ಮಡಗಾಸ್ಕರದ ಅಂಬೂಸಿಟ್ರಾ ಊರು, ಕೆಂಪಿಟ್ಟಿಗೆಯ ಮಹಡಿ.
ಗಂಡಿನ ಕಡೆಯ ಮಾತುಗಾರ ರಜೋನಾ
ಜಾರುವ ಲಂಬಾವನ್ನು ಹೆಗಲಿಗೇರಿಸಿಕೊಂಡು
ಕಾಲು ಗಂಟೆಯಿಂದ ಕ್ಷಮೆಯನ್ನೇ ಕೇಳುತ್ತಿದ್ದಾನೆ:
ಹಿರಿಯರು ಕೂತಿರುವಾಗ ಕಿರಿಯ ನಿಂತೆನಲ್ಲ,
ಈ ತಪ್ಪು ನನ್ನಲ್ಲಿ ಉಳಿಯದಿರಲಿ
ನಿಮ್ಮ ಹೊಸ್ತಿಲಲ್ಲೂ ಬೀಳದಿರಲಿ
ಹೊಳೆಗೆ ಹಾಕೋಣ, ಮೊಸಳೆಗೂ ಅದು ರುಚಿಸದಿರಲಿ.

ಹೆಣ್ಣು ಕೇಳಲು ಬಂದವನು
ಹೆಣ್ಣು ಎಂಬ ಮಾತನ್ನಿನ್ನೂ ಮುಟ್ಟಿಲ್ಲ.
ಕಳೆದ ಕರುವಿನ ಜಾಡು ಹಿಡಿದು ಬಂದೆವು ಅನ್ನುತ್ತಾನೆ.
ಈ ಕಡೆಯ ಮುದುಕ ತಲೆದೂಗಿ,
ಕರುವೇನೋ ಇದೆ, ಕಣ್ಣಿಯ ಕತೆ ಹೇಳಿ, ಅನ್ನುತ್ತಾನೆ.
ಗಾದೆಯೊಂದು ತಡವರಿಸಿದರೆ ದಂಡ,
ಸಾವಿರ ಅರಿಯಾರಿ, ನಡುವಿನ ತಟ್ಟೆಗೆ.
ತಟ್ಟೆ ಮುಚ್ಚುತ್ತ ಬಂದಿದೆ.

ಕಬಾರಿ ಎಂದರೆ ಸಭೆಯ ಮಾತು, ಕಟ್ಟಳೆಯ ಮಾತು
ಎಂದು ಬರೆದು ಎದ್ದುಬಿಡಬಹುದಿತ್ತು ನಾನು.
ಆದರೆ ಅರಬರ ಹಡಗಿಳಿದ ಪದವಂತೆ ಅದು,
ಹೊರಟಾಗ ಬರಿ 'ಸುದ್ದಿ' ಎಂದಿತ್ತಂತೆ.
ಅದೇ ಕಡಲಿನ ಈ ದಡದಲ್ಲಿ, ನಮ್ಮ ಬಾಯಲ್ಲಿ, ಖಬರು.
ಅಲ್ಲಿ ಅದಕ್ಕೆ ಹೆಗಲವಸ್ತ್ರ, ಎದ್ದು ನಿಲ್ಲುವ ಮರ್ಯಾದೆ;
ಇಲ್ಲಿ ಹಾಲುಕ್ಕಿಸಿ ನಿಂತ ಹುಡುಗಿಗೆ
ಖಬರಿಲ್ಲವೇನೇ ಮೈಮೇಲೆ!

ಹೆಂಗಸರಿಗೆ ಕಬಾರಿ ಬರುವುದಿಲ್ಲ,
ನಾಲಿಗೆ ನೆಟ್ಟಗಿರುತ್ತದೆ, ಅನ್ನುತ್ತಾರೆ ಗಂಡಸರು.
ಸಂತೆಯಲ್ಲಿ ಕ್ಯಾರೆಟ್ ಮಾರುವ ಬಕೂಲಿ,
ಕೊಳೆತದ್ದನ್ನು ಕೊಳೆತದ್ದು ಎಂದೇ ಕರೆಯುವವಳು,
ಸೀದ ಅಕ್ಕಿಯ ಬಿಸಿನೀರು ಲೋಟಗಳಿಗೆ ಹೊಯ್ಯುತ್ತ
ಎಲ್ಲವನ್ನೂ ಕೇಳಿಸಿಕೊಂಡಳು.
ಮಗಳು ಫರಾಟಿಯಾನ ಬಾಗಿಲ ಹಿಂದೆ,
ಚಪ್ಪಲಿಯ ಒಂದು ತುದಿ ಮಾತ್ರ ಕಾಣುತ್ತಿತ್ತು.

ಕರು ಇನ್ನೇನು ಸಿಗಬೇಕು,
ಆಗ ಬಕೂಲಿ ಕೆಟಲ್ ಕೆಳಗಿಟ್ಟಳು.
ಸೊಂಟದ ಗಂಟು ಬಿಚ್ಚಿ
ಮಡಿಸಿ ಮಡಿಸಿ ಮೆತ್ತಗಾದ ಒಂದು ನೋಟು ತೆಗೆದು,
ಯಾರೂ ಕೇಳುವ ಮುಂಚೆಯೇ,
ತಟ್ಟೆಯಲ್ಲಿಟ್ಟು ಅಂಗೈಯಿಂದ ನೀವಿದಳು.

'ಹುಡುಗ ಕುಡಿದರೆ ಹೊಡೆಯುತ್ತಾನೋ?'

ಮುದುಕ ಛಾವಣಿ ನೋಡಿದ.
ಚಪ್ಪಲಿಯ ತುದಿ ಒಳಸರಿಯಿತು.
ರಜೋನಾ ಎದ್ದ. ಗಂಟಲು ಸರಿಮಾಡಿಕೊಂಡ.
ಕ್ಷಮೆಯಿಂದ ಶುರುಮಾಡಬೇಕೋ ಬೇಡವೋ
ತಿಳಿಯಲಿಲ್ಲ ಅವನಿಗೆ.
ಲಂಬಾ ಮತ್ತೆ ಜಾರಿತ್ತು.