ಅಳತೆ ಪುಸ್ತಕ

ಆಷಾಢದ ಗಾಳಿ ಪಡುವಣದಲ್ಲಿ ಎದ್ದು
ಕಳ್ಳಿಪಾಳ್ಯದ ಕೆರೆಯ ಮೈಮೇಲೆ ಓಡಿ
ಮೂಡಣ ದಡಕ್ಕೆ ಬಂದು ಬೀಳುತ್ತದೆ.
ಸಮುದ್ರವೇನಲ್ಲ; ಅಲೆ ಅಂದರೆ ಗೇಣೆತ್ತರ.
ಆದರೂ ವರ್ಷಕ್ಕೊಂದು ಮೊಳ ದಡ
ಯಾರಿಗೂ ಹೇಳದೆ ಇಳಿದುಹೋಗುತ್ತದೆ.

ಮೊದಲ ಸಲ ನಾನು ಕಲ್ಲು ಬರೆದೆ.
ಎಸ್ಟಿಮೇಟಿನಲ್ಲಿ ಕಲ್ಲು ಬರೆಯುವುದು ಸುಲಭ:
ಉದ್ದ, ಅಗಲ, ದಪ್ಪ, ದರ.
ಎಲ್ಲ ಶಾಯಿಯಲ್ಲಿ; ಅಳತೆ ಪುಸ್ತಕಕ್ಕೆ
ಪೆನ್ಸಿಲು ತಾಗಬಾರದು, ನಿಯಮ.
ಕಂಟ್ರಾಕ್ಟರ್ ದೊರೆಸ್ವಾಮಿ ನೆಟ್ಟಗೆ ನಿಲ್ಲಿಸಿದ,
ಬಟ್ಟಲಿಗೆ ಅಂಚು ಕಟ್ಟಿದ ಹಾಗೆ.
ಅಲೆ ಕಲ್ಲಿಗೆ ಬಡಿದು ಬುಡ ಕೆದಕಿತು.
ಮೂರನೇ ಮಳೆಗಾಲಕ್ಕೆ ಕಲ್ಲು ಬಾಗಿ ನೋಡಿತು,
ನಾಲ್ಕನೆಯದಕ್ಕೆ ಹಾರಿತು,
ಜೊತೆಗೊಂದು ಸಿಮೆಂಟು ಬೆಂಚು,
ಅದರ ಬೆನ್ನ ಮೇಲೆ ಯಾರದೋ ತಾಯಿಯ ಹೆಸರು.

ಎರಡನೇ ಸಲವೂ ಕಲ್ಲೇ ಬರೆದೆ. ಸ್ವಲ್ಪ ದಪ್ಪ.

ಪಿಳ್ಳಮ್ಮ ಕೆರೆ ಕಾವಲಿಗೆ ಸೇರಿ ಹನ್ನೊಂದು ವರ್ಷ;
ಸಂಬಳ ಎಷ್ಟು ತಿಂಗಳು ಬಂತೆಂದು ಕೇಳಬಾರದು.
ಕೋಲಿನಿಂದ ನೀರು ತೋರಿಸಿ ಅಂದಳು:
"ಇದು ಹೊಡೀತಿಲ್ಲ ಸಾರ್, ಮಲಗಕ್ಕೆ ಜಾಗ ಹುಡುಕ್ತೈತೆ.
ಗೋಡೆಗೆ ಒರಗಿ ಎಷ್ಟೊತ್ತು ಮಲಗಕ್ಕಾಯ್ತದೆ, ಹೇಳಿ?
ದಡ ಅಂದ್ರೆ ಎಮ್ಮೆ ಇಳಿಯೋ ಹಂಗಿರಬೇಕು."

ಎಮ್ಮೆ ಇಳಿಯುವ ಹಾಗೆ.
ಒಂದಕ್ಕೆ ಐದು ಎಂದು ಬರೆದುಕೊಂಡೆ,
ಇಲಾಖೆಗೆ ಎಮ್ಮೆ ಅರ್ಥವಾಗುವುದಿಲ್ಲ.

ಇಳಿಜಾರಿಗೆ ಜಾಗ ಬೇಕು.
ಜಾಗದಲ್ಲಿ ಆಗಲೇ ಜನ ನಡೆಯುತ್ತಿದ್ದರು.
ಕರ್ನಲ್ ಉತ್ತಯ್ಯ ಟೇಪು ಹಿಡಿದೇ ಬಂದರು:
ಟ್ರ್ಯಾಕು ಹಿಂದೆ ಸರಿದರೆ
ಬ್ಯಾಡ್ಮಿಂಟನ್ ಅಂಕಣ ಹೋಗುತ್ತದಲ್ಲ?
ನಾಲ್ಕು ಮೀಟಿಂಗು, ನಾಲ್ಕರಲ್ಲೂ ಒಳ್ಳೆಯ ಕಾಫಿ.
ಕೊನೆಗೆ ಅರ್ಧ ದಡಕ್ಕಷ್ಟೇ ಒಪ್ಪಿಗೆ ಸಿಕ್ಕಿತು.

ಆ ಅರ್ಧಕ್ಕೆ ತೆಂಗಿನ ನಾರಿನ ಚಾಪೆ ಹಾಸಿದೆವು,
ಬಿದಿರ ಗೂಟ ಬಡಿದೆವು.
ಪಿಳ್ಳಮ್ಮ ಲಾವಂಚದ ಬುಡ ಸೀಳಿ ಸೀಳಿ ಕೊಟ್ಟಳು,
ನೀರಂಚಿಗೆ ಆಪು, ಜೊಂಡು, ಒಂದಿಷ್ಟು ಬಜೆ.
ಮೊದಲ ತಿಂಗಳು
ತಿರುಪತಿಗೆ ಹೋಗಿಬಂದ ತಲೆಯ ಹಾಗಿತ್ತು ದಡ.
ಒಂದು ರಾತ್ರಿ ರಾಜಕಾಲುವೆಯಿಂದ ನೊರೆ ಬಂದು
ತುಪ್ಪಟ ಕತ್ತರಿಸದ ಕುರಿಮಂದೆಯಂತೆ
ಸಸಿಗಳ ಮೇಲೆ ಕೂತಿತು.
ಅದರ ಕೆಳಗೆ ಬೇರು ಹಿಡಿದದ್ದು ಯಾರಿಗೂ ಕಾಣಲಿಲ್ಲ.

ಈ ನೊರೆ ಯಾರ ಮನೆಯದು ಎಂದು
ಕಾಲುವೆ ಹಿಡಿದು ಮೇಲಕ್ಕೆ ನಡೆದೆ,
ಕೈಯಲ್ಲಿ ಮಡಿಕೆ ಮಡಿಕೆಗೂ ಹರಿದ ಗ್ರಾಮನಕ್ಷೆ.
ಟೈರು ಅಂಗಡಿಯ ಕೆಳಗೆ ಕಾಲುವೆ,
ಕಲ್ಯಾಣಮಂಟಪದ ಕೆಳಗೆ ಕಾಲುವೆ,
ಆಮೇಲೆ ಗುರುತಿನ ಗೇಟು, ಗುರುತಿನ ನಾಯಿ,
ಎರಡನೇ ಮಹಡಿಯಲ್ಲಿ ಒಣಗುತ್ತಿದ್ದ ನನ್ನದೇ ಅಂಗಿ.
ನಕ್ಷೆಯ ನೀಲಿ ಗೆರೆ
ನಮ್ಮ ಅಡುಗೆಮನೆಯ ಸಿಂಕಿನ ಕೆಳಗೆ ಹಾಯುತ್ತಿತ್ತು.

"ಇಷ್ಟು ಬೇಗ ಬಂದುಬಿಟ್ಟಿರಾ?" ಅಂದಳು ಹೆಂಡತಿ.
ನೀರು ಕುಡಿದೆ. ಲೋಟ ತೊಳೆದೆ.
ತೊಳೆದ ನೀರಿನ ವಿಳಾಸ
ನನಗೆ ಗೊತ್ತಿದ್ದ ಮೊದಲ ದಿನ ಅದು.

ಈ ಆಷಾಢಕ್ಕೆ ಮತ್ತೆ ಅಳೆಯಲು ಹೋದೆ.
ಪಿಳ್ಳಮ್ಮ ಬಾಯಿಗೆ ಬೆರಳಿಟ್ಟು ನಿಲ್ಲಿಸಿದಳು:
ಜೊಂಡಿನೊಳಗೆ ಜಂಬುಕೋಳಿ,
ಹಿಂದೆ ಮಸಿಯುಂಡೆಯಂಥ ನಾಲ್ಕು ಮರಿ.
ಕರ್ನಲ್ಲರೂ ಅಲ್ಲೇ ಇದ್ದರು,
ವಾಚು ನೋಡುವುದನ್ನು ಮರೆತು.
ಉಳಿದರ್ಧದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇಳಿಜಾರಿನ ಭಾಗ: ನಷ್ಟ ಸೊನ್ನೆ.
ಕಲ್ಲಿನ ಭಾಗ: ಒಂದು ಮೊಳ, ಮೇಲೆ ನಾಲ್ಕು ಬೆರಳು.
ಷರಾ ಕಾಲಮ್ಮು ಖಾಲಿ ಉಳಿದಿತ್ತು.
ಬಹಳ ಹೊತ್ತು ನೋಡಿ
ನಮ್ಮ ಮನೆಯ ಸರ್ವೆ ನಂಬರು ಬರೆದೆ,
ಪೆನ್ಸಿಲಿನಲ್ಲಿ.