ಪೆಟ್ಟಿಗೆ ಹೊತ್ತವನ ಸಾಕ್ಷಿ

ಇಪ್ಪತ್ತೆಂಟು ವರ್ಷ ನಾನು ಹೊತ್ತದ್ದು ಒಂದೇ ಪೆಟ್ಟಿಗೆ.
ಒಳಗೆ ಕೆಂಪು ಮಕಮಲ್ಲಿನ ಗುಂಡಿಗಳಲ್ಲಿ
ಹಿತ್ತಾಳೆಯ ಬೊಟ್ಟುಗಳು, ದೊಡ್ಡದರಿಂದ ಚಿಕ್ಕದಕ್ಕೆ.
ತೂಕ ಅಳತೆ ಇಲಾಖೆ, ಕಾರವಾರ.
ಮುಂದೆ ಸಾಹೇಬರು, ಹಿಂದೆ ನಾನು,
ಮಾಜಾಳಿಯಿಂದ ಭಟ್ಕಳದವರೆಗೆ
ಅಂಗಡಿ ಅಂಗಡಿಯ ತಕ್ಕಡಿಗೆ
ಸರಕಾರದ ಸತ್ಯ ಇಳಿಸಿ ನೋಡುವುದು.

ಹನ್ನೊಂದು ಸಾಹೇಬರಲ್ಲಿ ಓದುವ ಚಟದವರು ಒಬ್ಬರೇ:
ಗದಗಿನ ಕಡೆಯವರು, ಅಡ್ಡಹೆಸರೂ ಅಂಗಡಿ.
ಕಾಳಿ ಸೇತುವೆಯ ಮೇಲೆ ಜೀಪು ಕೆಟ್ಟು ನಿಂತಾಗ
ಸದಾಶಿವಗಡದತ್ತ ಕನ್ನಡಕ ಚಾಚಿ ಅಂದಿದ್ದರು:
"ಕಿಲೋ ನೋಡು, ಲೋಕಕ್ಕೆಲ್ಲಾ ಒಂದ.
ಪಾಪ ಪುಣ್ಯ ಹಂಗಲ್ಲ, ಹೊಳಿ ದಾಟಿದರ ಬದಲಾಕ್ಕಾವು.
ನಿಮ್ಮಲ್ಲಿ ಮೀನಂದ್ರ ಹಬ್ಬ, ನಮ್ಮನ್ಯಾಗ ಮೈಲಿಗಿ."
ಹೂಂ ಅಂದೆ. ಪೆಟ್ಟಿಗೆ ಹೊತ್ತವನಿಗೆ
ಹೂಂ ಅನ್ನುವುದೂ ಸಂಬಳದೊಳಗೇ ಬರುತ್ತದೆ.

ಆದರೆ ಕಣ್ಣಿತ್ತಲ್ಲ.
ಅಂಕೋಲೆಯ ಸಂತೆಯಲ್ಲಿ ಹಾಲಕ್ಕಿ ಹೊನ್ನಿ
ಬಸಳೆಯ ಕಟ್ಟು ಕೊಟ್ಟ ಮೇಲೆ ಇನ್ನೆರಡು ದಂಟು ತುರುಕುತ್ತಾಳೆ:
"ಕೊಸ್ರು ಹಾಕ್ದೆ ಕೊಟ್ರೆ ಕೊಟ್ಟಂಗೇ ಅಲ್ಲ ಒಡಿಯಾ."
ಭಟ್ಕಳದ ದಾಮುದಿಯವರ ಬಟ್ಟೆ ಅಂಗಡಿಯಲ್ಲಿ
ಅಳತೆ ಮುಗಿದ ಮೇಲೂ ನಾಲ್ಕು ಬೆರಳು ಬಿಟ್ಟೇ ಕತ್ತರಿ.
ಯಲ್ಲಾಪುರದ ಕಾಡಿಂದ ಜೇನು ತರುವ ಬಸ್ತ್ಯಾಂವ ಸಿದ್ದಿ
ಶೀಸೆಯ ಕೊರಳು ದಾಟಿಸಿಯೇ ಬಿರಡೆ ಒತ್ತುತ್ತಾನೆ,
ಸೋರಿದ್ದು ಗಿರಾಕಿಯ ಮಗುವಿನ ನಾಲಿಗೆಗೆ.
ಈ ಮೂವರಿಗೆ ಒಬ್ಬರಿಗೊಬ್ಬರ ಗುರುತಿಲ್ಲ,
ದೇವರೂ ಒಂದಲ್ಲ.
ಕೊಸರಿಗೆ ನಮ್ಮ ಕೈಪಿಡಿಯಲ್ಲಿ ಕಲಮೂ ಇಲ್ಲ.

ಇಷ್ಟಕ್ಕೇ ಲೋಕದ ನ್ಯಾಯ ಒಂದೇ ಅಂದುಬಿಡಲು
ಶೇವಂತಿ ಹರಿಕಾಂತ ಬಿಡಬೇಕಲ್ಲ.
ಮೀನುಪೇಟೆಯಲ್ಲಿ ಅವಳದು ಪಾಲು ಹಾಕಿ ಮಾರುವ ವ್ಯಾಪಾರ.
ಸಾಹೇಬರು ಒಂದು ದಿನ ಹಟಕ್ಕೆ ಬಿದ್ದು
ಒಂದೇ ಬೆಲೆಯ ನಾಲ್ಕು ಪಾಲು ಬಂಗಡೆ ತೂಗಿಸಿದರು.
ಒಂದಕ್ಕೊಂದು ತಾಳೆಯಿಲ್ಲ.
"ಇದೇನವಾ ಮೋಸ?"
ಅವಳು ಕತ್ತಿ ಒರೆಸಿಕೊಳ್ಳುತ್ತಾ:
"ದೊಡ್ಡದು ಬಾಣಂತಿ ಮನೆಗೆ.
ಸಣ್ಣದು ಬೋಟಿನ ಸಾವಕಾರನಿಗೆ, ಅವನಿಗೂ ಗೊತ್ತುಂಟು.
ನಿಮ್ಮ ಬೊಟ್ಟಿಗೆ ಮುಖ ಕಾಣ್ತದ್ಯೇನ್ರಾ?"
ಸಾಹೇಬರು ಎತ್ತಿದ ಮುದ್ರೆ ಎತ್ತಿದ ಹಾಗೇ ನಿಂತರು.
ಸಮ ತೂಗುವುದು ನ್ಯಾಯವೋ, ಮುಖ ನೋಡಿ ತೂಗುವುದೋ...
ಆ ದಿನದ ವರದಿಯಲ್ಲಿ ಬರೆದದ್ದು "ತಪಾಸಣೆ ಆಗಿಲ್ಲ".
ನನಗೂ ಇನ್ನೂ ಆಗಿಲ್ಲ.

ನನಗೆ ತಿಳಿದದ್ದು ಹೆಬ್ಬೆರಳು.
ತಟ್ಟೆಯಡಿ ಮೇಣ ಅಂಟಿಸಿದವನು, ಬೊಟ್ಟಿನ ಹೊಟ್ಟೆ ಕೊರೆದವನು,
ಮಾತಾಡಿಸುತ್ತಲೇ ಮೆಲ್ಲಗೆ ತಟ್ಟೆ ಒತ್ತಿದವನು;
ಜನಿವಾರದವನು, ಟೋಪಿಯವನು, ಕೊರಳಲ್ಲಿ ಶಿಲುಬೆಯವನು.
ಒಬ್ಬನಾದರೂ, ಒಬ್ಬನೇ ಒಬ್ಬನಾದರೂ
"ಹೌದು, ನಮ್ಮಲ್ಲಿ ಇದೇ ಪದ್ಧತಿ" ಅಂದದ್ದಿಲ್ಲ.
ನಮ್ಮ ಜೀಪಿನ ಸದ್ದಿಗೆ
ಎಲ್ಲರ ಹೆಬ್ಬೆರಳೂ ಮುಷ್ಟಿಯೊಳಗೆ.

ಬೇಲೆಕೇರಿಯಲ್ಲಿ ನನ್ನ ಅಕ್ಕನ ಅಂಗಡಿ.
ಭಾವ ಹಾಸಿಗೆ ಹಿಡಿದ ವರ್ಷ.
ಅವಳ ಅರ್ಧ ಕಿಲೋ ಹಗುರವೆಂದು
ಎತ್ತಿದ ಕೂಡಲೇ ನನ್ನ ಅಂಗೈಗೆ ಗೊತ್ತಾಯಿತು.
ಸಾಹೇಬರು ಎಳನೀರಿಗೆ ಕತ್ತೆತ್ತಿದ ಹೊತ್ತಿಗೆ
ಪಕ್ಕದಂಗಡಿಯಲ್ಲಿ ಆಗಷ್ಟೇ ಮುದ್ರೆಯಾದದ್ದನ್ನು
ಅದರ ಜಾಗಕ್ಕಿಟ್ಟೆ.
ಅಕ್ಕ ನೋಡಿದಳು.
ಶೇವಂತಿಯ ಲೆಕ್ಕದಲ್ಲಿ ಅದೂ
ಮುಖ ನೋಡಿ ಹಾಕಿದ ಪಾಲೇ ಇರಬಹುದು.
ಆದರೆ ಶೇವಂತಿ ಪೇಟೆಯ ನಡುವೆ ನಿಂತು ಹೇಳಿದ್ದಳು.
ಅಕ್ಕ ಈಗಲೂ ಹಬ್ಬಕ್ಕೆ ಕರೆಯುತ್ತಾಳೆ,
ಮೊದಲ ಕಡುಬು ನನಗೇ ಬಡಿಸುತ್ತಾಳೆ.
ನನ್ನೆದುರು ಮಾತ್ರ ಏನನ್ನೂ ತೂಗುವುದಿಲ್ಲ.

ಅದೇ ದಿನ ಬೆಳಿಗ್ಗೆ, ಅಮದಳ್ಳಿಯ ಚಾದ ಅಂಗಡಿಯಲ್ಲಿ
ಸಾಹೇಬರು ಹೇಳುತ್ತಿದ್ದರು:
ಉಪ್ಪುಗಾಳಿಗೆ, ಕೈಬೆವರಿಗೆ ನಮ್ಮ ಬೊಟ್ಟೂ ಸವೆಯುತ್ತದಂತೆ,
ಅದನ್ನು ನೋಡಲು ಮೇಲಿನ ಕಚೇರಿಯಲ್ಲಿ ಇನ್ನೊಂದು,
ಅದನ್ನು ನೋಡಲು ಅದರಾಚೆ ಮತ್ತೊಂದು.
"ಹಾಗಾದರೆ ಮೊದಲನೇದು ಎಲ್ಲಿದೆ?" ಕೇಳಿದೆ.
"ದೂರ ಐತಿ ಬಿಡು," ಎಂದು ನಕ್ಕು
ಬಸಿಯಲ್ಲಿ ಉಳಿದ ಚಾ ಸುರಿದುಕೊಂಡರು.
ನಾನು ಪೆಟ್ಟಿಗೆ ಎತ್ತಿಕೊಂಡೆ.
ಮುಂದಿನ ಊರು ಬೇಲೆಕೇರಿ.