ಹೋಲ್ಡಾನ್

ಎಲ್ಲಿ ಹಾರೋದು ಮೇಡಂ, ಅಂತ ಫೋನಿನಲ್ಲಿ ಕೇಳುತ್ತಾರೆ.
ಕಗ್ಗಲೀಪುರ ದಾಟಿ, ಪಂಕ್ಚರ್ ಅಂಗಡಿ ಆದಮೇಲೆ ಎಡಕ್ಕೆ,
ಮಣ್ಣುರಸ್ತೆ, ನೀಲಗಿರಿ ತೋಪು,
ತೋಪಿನ ತಲೆಯ ಮೇಲೆ ಹಳದಿ ಕತ್ತು ಕಂಡರೆ
ಅದೇ ನಮ್ಮ ಕ್ರೇನು.
ಶುಕ್ರವಾರದವರೆಗೆ ಅದು ಯಾರದೋ ಅಪಾರ್ಟ್‌ಮೆಂಟಿಗೆ ಕಬ್ಬಿಣ ಎತ್ತುತ್ತದೆ,
ಶನಿವಾರ ಭಾನುವಾರ ಮನುಷ್ಯರನ್ನ.
ಆರೋಗ್ಯಸ್ವಾಮಿಗೆ ಎರಡಕ್ಕೂ ಒಂದೇ ಬಾಟಾ.
ಕಬ್ಬಿಣ ಕಿರುಚಲ್ಲ, ಅಷ್ಟೇ, ಅನ್ನುತ್ತಾನೆ.

ನನ್ನದು ತೂಕ.
ಹಾರುವವರನ್ನು ನಿಲ್ಲಿಸಿ, ಮುಳ್ಳು ನಿಂತಮೇಲೆ
ಎಡಗೈ ಮೇಲೆ ಮಾರ್ಕರಿನಲ್ಲಿ ಬರೆಯಬೇಕು.
ಅದನ್ನು ನೋಡಿಯೇ ಮೇಲೆ ಬಿಷ್ಟ್ ಹಗ್ಗ ಆರಿಸುವುದು,
ತೆಳ್ಳನೆಯದೋ, ದಪ್ಪನೆಯದೋ.
ಅಪ್ಪನದು ಕಲಾಸಿಪಾಳ್ಯದಲ್ಲಿ ಗುಜರಿ ಅಂಗಡಿ.
ಹಳೇ ಪೇಪರಿನ ಕಟ್ಟಿನಲ್ಲಿ ಕಿಲೋಗೆ ನೂರು ಗ್ರಾಂ
ಅವನ ಹೆಬ್ಬೆರಳು ನುಂಗುತ್ತಿತ್ತು.
ನಾವು ಮೂವರು ಓದಿದ್ದು ಆ ನೂರು ಗ್ರಾಮಿನಲ್ಲಿ.
ಇಲ್ಲಿ ನನ್ನ ಬೆರಳು ಹಾಗೆ ಮಾಡುವ ಹಾಗಿಲ್ಲ.

ಸುಳ್ಳು ಹೇಳುವವರು ಈಗ ಎದುರಿನವರು.
ಉಸಿರು ಬಿಗಿಹಿಡಿದು ನಿಲ್ಲುತ್ತಾರೆ,
ಮುಳ್ಳು ನಾಚಿ ಹಿಂದೆ ಬಂದೀತು ಎಂಬಂತೆ.
ಮೊನ್ನೆ ಒಬ್ಬಳು, ಗಂಡನಿಗೆ ನಂಬರು ಕಾಣಬಾರದೆಂದು,
ಕೈ ಹಿಂದಕ್ಕೆ ಕಟ್ಟಿಕೊಂಡೇ ಬುಟ್ಟಿ ಹತ್ತಿದಳು.

ಚನ್ನಾಜಮ್ಮ ಬಂದದ್ದು ಬಸ್ಸಲ್ಲಿ, ಒಬ್ಬರೇ.
ಸೀರೆ ಉಡಬಾರದು ಅಂತ ಫೋನಲ್ಲೇ ಹೇಳಿದ್ದೆ;
ಡ್ಯೂಟಿಯ ಹಳೇ ಖಾಕಿ ಪ್ಯಾಂಟು ಹಾಕಿಕೊಂಡಿದ್ದರು.
ಇಪ್ಪತ್ತಾರು ವರ್ಷ ಕಂಡಕ್ಟರ್. ಬನಶಂಕರಿ, ಮೆಜೆಸ್ಟಿಕ್, ಬನಶಂಕರಿ.
ನಿವೃತ್ತಿಗೆ ಶಾಲು ಹೊದಿಸಿ ಗಡಿಯಾರ ಕೊಟ್ಟರಂತೆ.
‘ಗಡಿಯಾರ ಯಾಕಮ್ಮಾ ಇನ್ನ?’
ಐವತ್ತೆಂಟು ಅಂತ ಬರೆದೆ.
ಕೈ ತಿರುಗಿಸಿ ನೋಡಿ ನಕ್ಕರು.
‘ಟಿಕೆಟ್ ಹಿಂದೆ ಚಿಲ್ಲರೆ ಬರೆದಂಗೆ ಬರೆದ್ಯಲ್ಲೇ.
ಇಸ್ಕೊಳ್ಳೋದು ಮರೆತು ಇಳಿದುಹೋದೋರು ಎಷ್ಟು ಜನಾನೋ.
ಒಂದೊಂದು ರೂಪಾಯೀನೂ ನಂಗೆ ರಾತ್ರಿ ಜ್ಞಾಪಕಕ್ಕೆ ಬರ್ತದೆ.’

ಫಾರಮಿನಲ್ಲಿ, ಏನಾದರೂ ಆದರೆ ಯಾರಿಗೆ ತಿಳಿಸಬೇಕು
ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ನಿಂತು
ಕಡೆಗೆ ಡಿಪೋದ ನಂಬರು ಬರೆದರು.

ಬುಟ್ಟಿ ಮೇಲೆ ಹೋಯಿತು. ಹನ್ನೆರಡು ಅಂತಸ್ತು.
ಕೆಳಗಿನಿಂದ ನೋಡಿದರೆ ಖಾಕಿ ಒಂದು ಚುಕ್ಕೆ.
ಬಿಷ್ಟ್ ತ್ರೀ ಅಂದ, ಟೂ ಅಂದ.
ಅಷ್ಟರಲ್ಲಿ ಇನ್ನೊಂದು ದನಿ, ತುಂಬಿದ ಬಸ್ಸಿನ
ಹಿಂಬಾಗಿಲಿಂದ ಡ್ರೈವರನ ಕಿವಿ ಮುಟ್ಟುವಂಥದ್ದು:
‘ಸುಮ್ನಿರೋ ತಮ್ಮಾ. ನನ್ ಗಾಡಿಗೆ ನಾನೇ ಹೇಳ್ತೀನಿ.
ರೈಟ್!’

ಬಿದ್ದರು.
ಚುಕ್ಕೆ ಉದ್ದವಾಯಿತು, ನೀಲಗಿರಿಯ ತುದಿಗಿಂತ ಕೆಳಗೆ ಬಂತು,
ಅರ್ಧದಲ್ಲಿ ಅಭ್ಯಾಸಬಲ: ‘ಹೋಲ್ಡಾನ್! ಹೋಲ್ಡಾನ್!’
ಯಾವ ಡ್ರೈವರೂ ಇಲ್ಲ.
ಹಗ್ಗ ಕೇಳಿಸಿಕೊಂಡಿತು.

ಇಳಿಸಿದಾಗ ಮುಖ ಕೆಂಪು, ಕೂದಲೆಲ್ಲ ಕೆದರಿ,
ಓಲಾಡಿಕೊಂಡು ನೇರ ನನ್ನ ತೂಕದ ಮಿಷನ್ನಿಗೇ ಬಂದು ಹತ್ತಿದರು.
‘ನೋಡು, ಎಷ್ಟಿದೆ?’
ಐವತ್ತೆಂಟೇ, ಅಂದೆ.
‘ಒಂದು ಗ್ರಾಮೂ ಇಳಿದಿಲ್ವಾ?’
ಅಪ್ಪನ ಹೆಬ್ಬೆರಳು ನೆನಪಾಯಿತು.
ಇಲ್ಲ, ಅಂದೆ.
‘ಹಂಗಾದ್ರೆ ಸರಿ,’ ಅಂದರು. ಯಾಕೆ ಸರಿಯೋ ಹೇಳಲಿಲ್ಲ.
ನೀರು ಕೇಳಿ ಕುಡಿದರು.

ಆರು ಗಂಟೆಯ ಬಸ್ಸಿಗೆ ಇಬ್ಬರೂ ಹತ್ತಿದೆವು.
ಹೆಂಗಸರಿಗೆ ಈಗ ಸೊನ್ನೆ ಟಿಕೆಟ್ಟು,
ಹಿಂದೆ ಬರೆಯಲು ಚಿಲ್ಲರೆಯೇ ಇಲ್ಲ.
ಸೀಟೂ ಇರಲಿಲ್ಲ.
ಕೋಣನಕುಂಟೆ ಕ್ರಾಸಿನಲ್ಲಿ ಬೈಕೊಂದು ಅಡ್ಡ ಬಂತು. ಬ್ರೇಕು.
ನಿಂತವರೆಲ್ಲ ಒಟ್ಟಿಗೆ ಮುಂದಕ್ಕೆ ಮುಗ್ಗರಿಸಿ
ಒಟ್ಟಿಗೆ ಹಿಂದಕ್ಕೆ ಬಂದೆವು.
ಚನ್ನಾಜಮ್ಮ ಕಂಬಿ ಹಿಡಿದೇ ಇರಲಿಲ್ಲ.
ಎರಡು ಕೈಯೂ ಬಿಟ್ಟು, ಅಲ್ಲಾಡದೆ, ಕಿಟಕಿಯಾಚೆ ನೋಡುತ್ತಿದ್ದರು.
ಎಡಗೈ ಮೇಲೆ ಬೆವರಿಗೆ ಐದು ಅಳಿಸಿಹೋಗಿ
ಎಂಟು ಮಾತ್ರ ಉಳಿದಿತ್ತು,
ಯಾರೋ ಕೊಡಬೇಕಾದ ಬಾಕಿಯ ಹಾಗೆ.